ರಾತ್ರಿ ತೆಗೆದ ಸ್ಕ್ಯಾನ್ ರಾತ್ರಿಯೇ ಓದಬೇಕು: ದಾವಣಗೆರೆಯ ಒಂದು ಅಪಘಾತ ಪ್ರಕರಣ

ರೋಗಿ 34 ವರ್ಷದ ರೈತ, ಜಗಳೂರು ತಾಲ್ಲೂಕಿನವರು. ಮೆಕ್ಕೆಜೋಳದ ಕಟಾವಿನ ಕಾಲ. ರಾತ್ರಿ ಎಂಟೂವರೆ ಹೊತ್ತಿಗೆ ಬೈಕಿನಲ್ಲಿ ಮನೆಗೆ ಹೋಗುವಾಗ ರಸ್ತೆ ಬದಿ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಂದಿನಿಂದ ಗುದ್ದಿದರು. ಟ್ರೇಲರ್‌ ಹಿಂದೆ ದೀಪ ಇರಲಿಲ್ಲ, ರೇಡಿಯಂ ಸ್ಟಿಕ್ಕರೂ ಇರಲಿಲ್ಲ. ಇವರ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. (ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.)

108 ಆಂಬುಲೆನ್ಸ್ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಒಯ್ದಿತು. ಅಲ್ಲಿ ಗಾಯ ತೊಳೆದು ಪಟ್ಟಿ ಕಟ್ಟಿ, ಡ್ರಿಪ್ ಹಾಕಿ, ದಾವಣಗೆರೆಗೆ ರೆಫರ್ ಮಾಡಿದರು. ಆ ಡಾಕ್ಟರು ಮಾಡಬೇಕಾದ್ದನ್ನೇ ಮಾಡಿದರು. ಮನೆಯವರು ಮೊದಲು ಹೋಗಿದ್ದು ನಗರದ ಒಂದು ನರ್ಸಿಂಗ್ ಹೋಮ್‌ಗೆ. ಸಿಟಿ ಸ್ಕ್ಯಾನ್ ಇದೆ ಅಂತ ಯಾರೋ ಹೇಳಿದ್ದರು. 10.10ಕ್ಕೆ ತಲೆಯ ಸಿಟಿ ಆಯಿತು. ಡ್ಯೂಟಿ ಡಾಕ್ಟರು ಫಿಲಂ ನೋಡಿ, ದೊಡ್ಡ ರಕ್ತಸ್ರಾವ ಏನೂ ಕಾಣ್ತಿಲ್ಲ, ರಿಪೋರ್ಟ್ ಬೆಳಿಗ್ಗೆ ಬರುತ್ತೆ ಎಂದರು. ಅಲ್ಲಿ ಐಸಿಯು ಬೆಡ್ ಖಾಲಿ ಇರಲಿಲ್ಲ. ಹಾಗಾಗಿ ನಮ್ಮ ಆಸ್ಪತ್ರೆಗೆ ಬಂದರು. ಸ್ಕ್ಯಾನ್ ಚಿತ್ರ ಓದುವ ರೇಡಿಯಾಲಜಿ ವಿಭಾಗದ ಡಾಕ್ಟರು ನಾನು.

ನಮ್ಮ ಕ್ಯಾಶುಯಲ್ಟಿಗೆ ಬಂದಾಗ 11.50. ಕರೆದರೆ ಕಣ್ಣು ಬಿಡುತ್ತಿದ್ದರು, ಮಾತು ಸ್ವಲ್ಪ ಗೊಂದಲ. ಎಚ್ಚರ ಅಳೆಯುವ ಗ್ಲಾಸ್ಗೋ ಅಂಕ 15ಕ್ಕೆ 13. ನಾಡಿ 124, ರಕ್ತದೊತ್ತಡ 92/60. ಎಡ ಪಕ್ಕೆಯ ಕೆಳಗೆ ತರಚು ಗಾಯ. ತುರ್ತು ವಿಭಾಗದ ಪಿಜಿ (ಸ್ನಾತಕೋತ್ತರ ಓದುತ್ತಿರುವ ಡಾಕ್ಟರು) ಆ ಗಾಯ ನೋಡಿದ ಕೂಡಲೇ ಅಲ್ಟ್ರಾಸೌಂಡ್ ಪ್ರೋಬ್ ಕೈಗೆತ್ತಿಕೊಂಡರು.

ಅವರು ಮಾಡಿದ್ದು ಇ-ಫಾಸ್ಟ್ ಪರೀಕ್ಷೆ. ಯಕೃತ್ತಿಗೂ ಬಲ ಮೂತ್ರಪಿಂಡಕ್ಕೂ ನಡುವಿನ ಜಾಗ, ಗುಲ್ಮದ ಸುತ್ತ, ಕಿಬ್ಬೊಟ್ಟೆ, ಹೃದಯದ ಸುತ್ತ, ಜೊತೆಗೆ ಎರಡೂ ಶ್ವಾಸಕೋಶ. ಕೆಲವೇ ನಿಮಿಷದ ಕೆಲಸ. ಹೊಟ್ಟೆಯಲ್ಲೋ ಎದೆಯಲ್ಲೋ ರಕ್ತ ನಿಂತಿದೆಯಾ, ಶ್ವಾಸಕೋಶದ ಸುತ್ತ ಗಾಳಿ ಸೇರಿದೆಯಾ ಅನ್ನುವ ಪ್ರಶ್ನೆಗಳಿಗೆ ಉತ್ತರ. ಗುಲ್ಮ ಅಂದರೆ ಡಾಕ್ಟರುಗಳು ಸ್ಪ್ಲೀನ್ ಅನ್ನುವ ಅಂಗ. ಎಡ ಪಕ್ಕೆಲುಬುಗಳ ಒಳಗೆ ಅಡಗಿರುತ್ತದೆ. ಅದರ ಸುತ್ತ ಕಪ್ಪು ಪಟ್ಟಿ, ಅಂದರೆ ದ್ರವ, ಕಂಡಿತು. ಕಿಬ್ಬೊಟ್ಟೆಯಲ್ಲೂ ದ್ರವ ಇತ್ತು.

ಅಂದರೆ ಮೂರು ಗಂಟೆಯಿಂದ ಎಲ್ಲರೂ ತಲೆ ತಲೆ ಅಂತಿದ್ದರು, ರಕ್ತ ಹೋಗ್ತಾ ಇದ್ದದ್ದು ಹೊಟ್ಟೆಯೊಳಗೆ.

ಸರ್ಜನ್ ಬಂದರು. ಸೀದಾ ಆಪರೇಷನ್ ಥಿಯೇಟರಿಗೆ ಒಯ್ಯೋಣ ಎಂದರು. ತಲೆಗೂ ಪೆಟ್ಟು ಬಿದ್ದಿದೆ, ಮಾತು ಗೊಂದಲ ಇದೆ, ಮತ್ತೊಂದು ಸಿಟಿ ಇಲ್ಲದೆ ಅರಿವಳಿಕೆ ಕೊಡೋದು ಹೇಗೆ ಅಂತ ನ್ಯೂರೋಸರ್ಜನ್ ಫೋನಿನಲ್ಲಿ ಕೇಳಿದರು. ಇಬ್ಬರ ಮಾತೂ ಸರಿಯೇ. ಎರಡು ಬಾಟಲಿ ರಕ್ತ ಏರಿಸಿದ ಮೇಲೆ ಒತ್ತಡ 108ಕ್ಕೆ ಬಂತು. ಅದು ಎಷ್ಟು ಹೊತ್ತು ಹಾಗೇ ನಿಲ್ಲುತ್ತದೋ ಯಾರಿಗೂ ಗೊತ್ತಿಲ್ಲ. ಆ ಬಿಡುವಿನಲ್ಲಿ ತಲೆಯಿಂದ ಕಿಬ್ಬೊಟ್ಟೆಯವರೆಗೆ ಒಂದೇ ಸಲ ಸಿಟಿ ಮಾಡೋಣ, ಹತ್ತು ನಿಮಿಷದಲ್ಲಿ ಟೇಬಲ್‌ನಿಂದ ಇಳಿಸೋಣ ಅಂತ ತೀರ್ಮಾನ ಆಯಿತು. ಆ ರಾತ್ರಿ ರೇಡಿಯಾಲಜಿಯ ಹಿರಿಯ ರೆಸಿಡೆಂಟ್ ಕ್ಯಾಶುಯಲ್ಟಿಯಲ್ಲೇ ಇದ್ದರು, ನಾನು ಕನ್ಸೋಲ್ ಮುಂದೆ. ಅದಕ್ಕೇ ಈ ಮಾತು ನಡೆಯಲು ಸಾಧ್ಯವಾಯಿತು.

ರೋಗಿಯ ಅಣ್ಣ ಬಾಗಿಲಲ್ಲಿ ತಡೆದರು. "ಯಾಕ್ರೀ ಸಾರ್, ಆಗ್ಲೇ ಒಂದ್ಸಲ ಸ್ಕ್ಯಾನ್ ಮಾಡಿಸಿವಲ್ಲ? ನಾರ್ಮಲ್ ಅಂದ್ರಲ್ಲ?" ನ್ಯಾಯವಾದ ಪ್ರಶ್ನೆ. ಅವರ ಕೈಯಲ್ಲಿ ಆ ಫಿಲಂ ಕವರ್ ಇತ್ತು. ಅದಕ್ಕೆ ದುಡ್ಡು ಕೊಟ್ಟಿದ್ದರು.

"ಅದು ತಲೆಗೆ ಮಾತ್ರ ಅಣ್ಣಾ. ಈಗ ಹೊಟ್ಟೆ ನೋಡಬೇಕು, ಒಳಗೆ ರಕ್ತ ಇದೆ" ಅಂದರು ನಮ್ಮ ರೆಸಿಡೆಂಟ್. ಅಣ್ಣ ಪಕ್ಕಕ್ಕೆ ಸರಿದರು.

ಸಿಟಿ ಟೇಬಲ್ ಮೇಲೆ ಮಲಗಿಸಿದ ಮೇಲೆ ಇನ್ನೊಂದು ತೊಡಕು. ಕೈ ಹಿಂಬದಿಗೆ ಹಾಕಿದ್ದು ನೀಲಿ ಕ್ಯಾನುಲಾ, ಅಂದರೆ 22 ಗೇಜಿನ ಸಣ್ಣ ಸೂಜಿ. ಅದರಲ್ಲಿ ಕಾಂಟ್ರಾಸ್ಟ್ ಔಷಧವನ್ನು (ಚಿತ್ರದಲ್ಲಿ ರಕ್ತ ಬೆಳ್ಳಗೆ ಕಾಣುವಂತೆ ಮಾಡುವ ದ್ರವ) ಸೆಕೆಂಡಿಗೆ 3ರಿಂದ 4 ಮಿಲಿಲೀಟರ್ ವೇಗದಲ್ಲಿ ತಳ್ಳಲಾಗುವುದಿಲ್ಲ. ಮೆಲ್ಲಗೆ ತಳ್ಳಿದರೆ ರಕ್ತನಾಳ ಸರಿಯಾಗಿ ಬೆಳಗುವುದಿಲ್ಲ, ಎಲ್ಲಿ ಸೋರುತ್ತಿದೆ ಅನ್ನೋದು ತಪ್ಪಿಹೋಗುತ್ತದೆ. ಸಿಸ್ಟರ್ ಮೊಣಕೈ ಮಡಿಕೆಯಲ್ಲಿ ಅದಕ್ಕಿಂತ ದಪ್ಪದ ಹಸಿರು ಕ್ಯಾನುಲಾ ಹಾಕಿದರು. ರಕ್ತ ಕಳೆದುಕೊಂಡವರ ನರ ಸುಲಭಕ್ಕೆ ಸಿಗುವುದಿಲ್ಲ. ಸಿಸ್ಟರ್‌ಗೆ ಮೊದಲ ಸಲಕ್ಕೇ ಸಿಕ್ಕಿತು. ಮೂತ್ರಪಿಂಡ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ರಿಪೋರ್ಟಿಗೆ ಕಾಯಲಿಲ್ಲ. ಜೀವಕ್ಕೆ ಅಪಾಯ ಇರುವ ಗಾಯದಲ್ಲಿ ಅದಕ್ಕೆ ಕಾಯಬಾರದು.

12.35ಕ್ಕೆ ಚಿತ್ರಗಳು ಪರದೆ ಮೇಲೆ ಬಂದವು. ಎಡಗಡೆ 9, 10, 11ನೇ ಪಕ್ಕೆಲುಬು ಮುರಿದಿವೆ. ಗುಲ್ಮ ಆಳವಾಗಿ ಸೀಳಿದೆ. ಸೀಳಿನೊಳಗೆ ಒಂದು ಬಿಳಿ ಚುಕ್ಕೆ. ಒಂದು ನಿಮಿಷದ ನಂತರದ ಚಿತ್ರದಲ್ಲಿ ಆ ಚುಕ್ಕೆ ಹರಡಿ ದೊಡ್ಡದಾಗಿದೆ. ಹಾಗೆ ಹರಡಿದರೆ ರಕ್ತ ಈ ಕ್ಷಣವೂ ಸೋರುತ್ತಿದೆ ಅಂತ ಅರ್ಥ. ಹರಡದೆ ಮಾಸಿಹೋದರೆ ಬೇರೆ ಅರ್ಥ, ಬೇರೆ ಚಿಕಿತ್ಸೆ. ಸೋರಿದ್ದು ಗುಲ್ಮದ ಒಳಗೇ ಇತ್ತು, ಆ ಹೊತ್ತಿಗೆ ಹೊರಗೆ ಚಿಮ್ಮುತ್ತಿರಲಿಲ್ಲ. ಅಮೆರಿಕದ ಟ್ರಾಮಾ ಸರ್ಜನ್‌ಗಳ ಸಂಘದ 2018ರ ಪಟ್ಟಿಯಂತೆ ಇದು 4ನೇ ದರ್ಜೆ.

ತಲೆಯಲ್ಲಿ ಎಡ ಕಿವಿಯ ಮೇಲೆ ಬುರುಡೆ ಬಿರುಕು ಬಿಟ್ಟಿತ್ತು. ಅದರ ಒಳಮಗ್ಗುಲಲ್ಲಿ ಎಪಿಡ್ಯೂರಲ್ ರಕ್ತ, ಅಂದರೆ ಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ನಿಂತ ರಕ್ತ. ಲೆಕ್ಕ ಹಾಕಿದರೆ 30 ಮಿಲಿಲೀಟರ್‌ಗಿಂತ ಕಡಿಮೆ. ಮೆದುಳಿನ ನಡುಗೆರೆ ಸರಿದಿದ್ದು 5 ಮಿಲಿಮೀಟರ್‌ಗಿಂತ ಕಡಿಮೆ. ಎಚ್ಚರ ಇರುವ ರೋಗಿಯಾದರೆ ಕಾದು ನೋಡಬಹುದಾದ ಗಾತ್ರ. ಆದರೆ ಇವರನ್ನು ಈಗ ಮಲಗಿಸಿ ಹೊಟ್ಟೆ ಕೊಯ್ಯಬೇಕು. ಅರಿವಳಿಕೆಯಲ್ಲಿ ಇದ್ದವರು ಮಂಪರಾದರು ಅಂತ ಹೇಗೆ ಗೊತ್ತಾಗಬೇಕು? ಅದಕ್ಕೆ ಸರ್ಜನ್‌ಗೆ ಅಲ್ಲೇ ಹೇಳಿದೆ. ಹೊಟ್ಟೆ ಮುಗಿದ ಕೂಡಲೇ ಐಸಿಯುಗೆ ಒಯ್ಯಬೇಡಿ, ಮೊದಲು ಸಿಟಿಗೆ ತನ್ನಿ, ಟೇಬಲ್ ಖಾಲಿ ಇಟ್ಟಿರುತ್ತೇವೆ.

1.05ಕ್ಕೆ ಥಿಯೇಟರ್. ಗುಲ್ಮ ತೆಗೆಯಬೇಕಾಯಿತು. 2.50ಕ್ಕೆ ಮತ್ತೆ ಸಿಟಿ. ತಲೆಯೊಳಗಿನ ರಕ್ತ ಈಗ 30 ದಾಟಿತ್ತು, ನಡುಗೆರೆ ಇನ್ನೂ ಸರಿದಿತ್ತು. ನ್ಯೂರೋಸರ್ಜನ್ ಅಷ್ಟರಲ್ಲಿ ಬಂದು ಕಾಯುತ್ತಿದ್ದರು. ಬೆಳಗಿನ ಜಾವ ತಲೆಯ ಆಪರೇಷನ್ ಆಯಿತು.

ರೋಗಿ ಬದುಕಿದರು. ನಡೆದುಕೊಂಡೇ ಮನೆಗೆ ಹೋದರು. ಎಡ ಕಿವಿ ಮಂದವಾಗಿದೆ. ಗುಲ್ಮ ಇಲ್ಲದವರಿಗೆ ಕೆಲವು ಸೋಂಕು ಬೇಗ ಏರುತ್ತದೆ. ಅದಕ್ಕೆ ನ್ಯುಮೊಕಾಕಸ್, ಮೆನಿಂಜೊಕಾಕಸ್, ಹಿಬ್ ಲಸಿಕೆ ಹಾಕಿಸಿ, ಜ್ವರ ಬಂದರೆ ತಡ ಮಾಡದೆ ಬನ್ನಿ ಅಂತ ಅಣ್ಣನಿಗೂ ಬರೆದುಕೊಟ್ಟೆವು.

ಹೊತ್ತು ಎಲ್ಲಿ ಹೋಯಿತು

ಈ ಪ್ರಕರಣ ಬರೆಯಲು ಕಾರಣ ನಾವು ಗೆದ್ದೆವು ಅಂತಲ್ಲ. 10.10ರಿಂದ 12.35ರವರೆಗೆ ನಡೆದದ್ದಕ್ಕಾಗಿ ಬರೆಯುತ್ತಿದ್ದೇನೆ.

ಮರುದಿನ ಆ ನರ್ಸಿಂಗ್ ಹೋಮ್‌ನಿಂದ ಮೊದಲ ಸ್ಕ್ಯಾನಿನ ಪೂರ್ತಿ ಡಿಜಿಟಲ್ ಚಿತ್ರಗಳನ್ನು ತರಿಸಿ ನೋಡಿದೆವು. ಬಿರುಕು ಅದರಲ್ಲೂ ಇತ್ತು. ತೆಳುವಾದ ರಕ್ತದ ಪದರವೂ ಇತ್ತು. ಫಿಲಂನಲ್ಲಿ ಮಾತ್ರ ಕಾಣುತ್ತಿರಲಿಲ್ಲ.

ಇದು ಯಾಕೆ ಅಂತ ಹೇಳಬೇಕು. ತಲೆಯ ಒಂದು ಸಿಟಿಯಲ್ಲಿ ನೂರಾರು ತೆಳು ಹಾಳೆಯಷ್ಟು ಚಿತ್ರ ಇರುತ್ತವೆ. ಫಿಲಂ ಮೇಲೆ ಅಚ್ಚಾಗುವುದು ಅದರಲ್ಲಿ ಆರಿಸಿದ ಕೆಲವು ಮಾತ್ರ. ಅದೂ ಮೆದುಳು ಚೆನ್ನಾಗಿ ಕಾಣುವ ವಿಂಡೋದಲ್ಲಿ, ಅಂದರೆ ಮೆದುಳಿಗೆ ತಕ್ಕಂತೆ ಕಪ್ಪು-ಬಿಳುಪು ಹೊಂದಿಸಿ. ಆ ವಿಂಡೋದಲ್ಲಿ ಎಲುಬು ಪೂರಾ ಬಿಳಿ. ಹೊಸ ರಕ್ತವೂ ಬಿಳಿ. ಎಲುಬಿಗೆ ಅಂಟಿಕೊಂಡ ತೆಳು ರಕ್ತ ಎಲುಬಿನೊಳಗೇ ಕರಗಿದ ಹಾಗೆ ಕಾಣುತ್ತದೆ. ಪರದೆ ಮುಂದೆ ಕೂತು ವಿಂಡೋ ಬದಲಾಯಿಸಿದರೆ ಬಿರುಕು ಬೇರೆ, ರಕ್ತ ಬೇರೆ ಆಗಿ ಎದ್ದು ಬರುತ್ತದೆ. ರಾತ್ರಿ ಅಲ್ಲಿ ಇದ್ದದ್ದು ಒಬ್ಬ ಟೆಕ್ನಿಷಿಯನ್, ಒಬ್ಬ ಡ್ಯೂಟಿ ಡಾಕ್ಟರು. ಅವರು ಮಾಡಬಹುದಾದ್ದನ್ನು ಮಾಡಿದರು. ಅವರ ಮೇಲೆ ಬೆರಳು ತೋರಿಸಿದರೆ ಅನ್ಯಾಯ ಆಗುತ್ತದೆ. ಯಂತ್ರ ರಾತ್ರಿ ಎಲ್ಲಾ ಓಡುತ್ತದೆ, ಓದುವವರ ಕೆಲಸ ಮಾತ್ರ ಸಂಜೆಗೆ ಮುಗಿಯುತ್ತದೆ ಅನ್ನುವ ವ್ಯವಸ್ಥೆಯ ಮೇಲೆ ನನಗೆ ಸಿಟ್ಟಿದೆ. ಇದು ಒಂದು ನರ್ಸಿಂಗ್ ಹೋಮಿನ ಕಥೆ ಅಲ್ಲ. ಜಿಲ್ಲೆ ಜಿಲ್ಲೆಯಲ್ಲೂ ಹೀಗೇ ಇದೆ.

ಫಿಲಂನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುವುದು ಈಗ ಎಲ್ಲ ಕಡೆ ರೂಢಿ. ಟ್ಯೂಬ್‌ಲೈಟಿಗೆ ಹಿಡಿದ ಫಿಲಂ, ಅದರ ಮೊಬೈಲ್ ಫೋಟೋ, ಅದನ್ನು ವಾಟ್ಸಾಪ್ ಇನ್ನಷ್ಟು ಕುಗ್ಗಿಸುತ್ತದೆ. ನನಗೂ ದಿನಾ ಬರುತ್ತವೆ. ದೊಡ್ಡ ರಕ್ತಸ್ರಾವ ಕಾಣಬಹುದು. ಈ ರೋಗಿಯ ತಲೆಯಲ್ಲಿ ಇದ್ದಂಥದ್ದು ಕಾಣುವುದಿಲ್ಲ.

ಇನ್ನೊಂದು, ಹೊಟ್ಟೆಯನ್ನು ಯಾರೂ ಮೊದಲೇ ಅಲ್ಟ್ರಾಸೌಂಡ್ ಮಾಡಿ ನೋಡಿರಲಿಲ್ಲ. ರಾತ್ರಿ ಹೊತ್ತು ಬಹಳ ಕಡೆ ಅಲ್ಟ್ರಾಸೌಂಡ್ ಕೋಣೆಗೆ ಬೀಗ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಪ್ರತಿ ಯಂತ್ರವೂ ನೋಂದಣಿ ಆಗಿರಬೇಕು, ಎಲ್ಲಿ ಇದೆ, ಯಾರು ಬಳಸುತ್ತಾರೆ ಎಲ್ಲಕ್ಕೂ ದಾಖಲೆ ಇರಬೇಕು. ಗರ್ಭಿಣಿಗೆ ಸ್ಕ್ಯಾನ್ ಮಾಡಿದರೆ ಫಾರ್ಮ್ ಎಫ್ ತುಂಬಬೇಕು. ಹೆಣ್ಣು ಭ್ರೂಣಗಳನ್ನು ಉಳಿಸಲು ಬಂದ ಕಾಯ್ದೆ ಇದು. ಬೇಕೇ ಬೇಕು, ಸಡಿಲ ಆಗಬಾರದು. ಆದರೆ ಕೇಸು ಬೀಳುತ್ತೆ ಅನ್ನುವ ಭಯಕ್ಕೆ ಬೀಗ ಹಾಕಿ ಕೀಲಿ ಒಯ್ಯುವುದು ಕಾಯ್ದೆ ಹೇಳಿದ್ದಲ್ಲ. ತುರ್ತು ವಿಭಾಗಕ್ಕೇ ಅಂತ ಒಂದು ಯಂತ್ರ ನೋಂದಾಯಿಸಿ, ಬಳಸುವ ಅರ್ಹ ವೈದ್ಯರ ಹೆಸರು ಕೊಟ್ಟು, ಪುಸ್ತಕ ಸರಿಯಾಗಿ ಇಟ್ಟರೆ ದಾರಿ ಇದೆ. ನಾವು ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಮಾಡಿಸಿದ್ದು ಅದನ್ನೇ. ಕಾಗದದ ಕೆಲಸ ಜಾಸ್ತಿ, ಆದರೆ ಆಗುತ್ತದೆ. ಆ ರಾತ್ರಿ ಪಿಜಿ ಕೈಗೆ ಪ್ರೋಬ್ ಸಿಕ್ಕಿದ್ದು ಹಾಗೆ.

ದಾವಣಗೆರೆಗೆ ತುರ್ತು ರೇಡಿಯಾಲಜಿ ಯಾಕೆ ಬೇಕು

ಪುಣೆ–ಬೆಂಗಳೂರು ಹೆದ್ದಾರಿ, ಈಗಿನ ರಾಷ್ಟ್ರೀಯ ಹೆದ್ದಾರಿ 48, ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು ದಾಟಿ ಹೋಗುತ್ತದೆ. ಚಿತ್ರದುರ್ಗದಲ್ಲಿ ಹೊಸಪೇಟೆ ಕಡೆಯ ಹೆದ್ದಾರಿ 50 ಸೇರುತ್ತದೆ. ಹಿರಿಯೂರಲ್ಲಿ ಬಳ್ಳಾರಿ, ಚಳ್ಳಕೆರೆ ಕಡೆಯಿಂದ ಬರುವ 150ಎ. ಅದಿರು ಲಾರಿ, ರಾತ್ರಿ ಬಸ್ಸು, ಕಟಾವಿನ ಕಾಲಕ್ಕೆ ಟ್ರ್ಯಾಕ್ಟರು, ಎಲ್ಲ ಒಂದೇ ರಸ್ತೆಯಲ್ಲಿ. ಗಾಯಗೊಂಡವರು ಬರುವುದು ದಾವಣಗೆರೆಗೆ. ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. 1965ರಲ್ಲಿ ಶುರುವಾದ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಇದೆ, ಎಸ್.ಎಸ್. ವೈದ್ಯಕೀಯ ಕಾಲೇಜೂ ಇದೆ. ಬೆಂಗಳೂರು ಇನ್ನೂ 260 ಕಿಲೋಮೀಟರ್ ದೂರ. ಸೀಳಿದ ಗುಲ್ಮ ಇಟ್ಟುಕೊಂಡು ಅಷ್ಟು ದೂರ ಹೋಗಲಾಗುವುದಿಲ್ಲ. ಹಾಗಾಗಿ ತೀರ್ಮಾನ ಇಲ್ಲೇ ಆಗಬೇಕು, ರಾತ್ರಿಯೇ ಆಗಬೇಕು.

ಅಪಘಾತ ಮಾತ್ರ ಅಲ್ಲ. ಚನ್ನಗಿರಿ, ಹೊನ್ನಾಳಿ ಕಡೆಯಿಂದ ಲಕ್ವ ಹೊಡೆದವರು ಬರುತ್ತಾರೆ. ರಕ್ತ ಹೆಪ್ಪುಗಟ್ಟಿ ಲಕ್ವ ಆಗಿದ್ದರೆ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. ಆದರೆ ರಕ್ತಸ್ರಾವದ ಲಕ್ವಕ್ಕೆ ಅದೇ ಇಂಜೆಕ್ಷನ್ ವಿಷ. ಎರಡನ್ನೂ ಬೇರೆ ಮಾಡಿ ಹೇಳುವುದು ತಲೆಯ ಸಿಟಿ. ಅದನ್ನು ಬೆಳಿಗ್ಗೆ ಓದಿದರೆ ನಾಲ್ಕೂವರೆ ಗಂಟೆ ಎಲ್ಲಿ ಉಳಿಯಿತು? ತಿರುಚಿದ ವೃಷಣ, ಟ್ಯೂಬಿನಲ್ಲಿ ನಿಂತ ಬಸುರು, ಕರುಳಿಗೆ ರಕ್ತ ಹೋಗದೆ ಕಪ್ಪಾಗುವುದು, ಇವೂ ಹೀಗೇ. ಇವೆಲ್ಲದಕ್ಕೂ ಬೇಕಾದ ಕಣ್ಣು ಒಂದೇ ಥರದ್ದು. ಈ ಒಂದು ಗಂಟೆಯಲ್ಲಿ ಏನು ತಪ್ಪಿದರೆ ಜೀವ ಹೋಗುತ್ತದೆ ಅಂತ ಮೊದಲು ಹುಡುಕುವ ಕಣ್ಣು. ನಮ್ಮ ಮೂರು ವರ್ಷದ ಎಂ.ಡಿ.ಯಲ್ಲಿ ಎದೆ, ಹೊಟ್ಟೆ, ನರ, ಎಲುಬು ಅಂತ ಅಂಗಾಂಗವಾಗಿ ಕಲಿಯುತ್ತೇವೆ. ಆ ಕಲಿಕೆ ಬೇಕು. ಆದರೆ ರೋಗಿ ಅಂಗಾಂಗವಾಗಿ ಬರುವುದಿಲ್ಲ.

ಅಮೆರಿಕದಲ್ಲಿ ತುರ್ತು ರೇಡಿಯಾಲಜಿಯವರು 1988ರಲ್ಲೇ ತಮ್ಮ ಸೊಸೈಟಿ ಕಟ್ಟಿಕೊಂಡರು, ಯುರೋಪಿನವರು 2011ರಲ್ಲಿ. ಭಾರತದಲ್ಲಿ ತುರ್ತು ಚಿಕಿತ್ಸೆಗೇ ಎಂ.ಡಿ. ಮಾನ್ಯತೆ ಬಂದದ್ದು 2009ರಲ್ಲಿ. ಈಗ ನಮ್ಮಲ್ಲೂ ಎಮರ್ಜೆನ್ಸಿ ರೇಡಿಯಾಲಜಿಗೆ ಒಂದು ಸೊಸೈಟಿ ಇದೆ, ದೆಹಲಿಯ ಏಮ್ಸ್‌ಗೆ ದೊಡ್ಡ ಟ್ರಾಮಾ ಸೆಂಟರ್ ಇದೆ. ಆದರೆ ಮಧ್ಯ ಕರ್ನಾಟಕದ ಒಂದು ಜಿಲ್ಲೆಗೆ ಅದು ಹೇಗೆ ಬರಬೇಕು ಅನ್ನೋದನ್ನು ದೆಹಲಿಯಲ್ಲಿ ಕೂತು ಯಾರೂ ಹೇಳಲಾರರು.

ಟೆಲಿರೇಡಿಯಾಲಜಿ, ಅಂದರೆ ಚಿತ್ರ ಕಳಿಸಿ ದೂರದವರಿಂದ ಓದಿಸುವುದು, ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಈ ವಿದ್ಯೆಯಲ್ಲಿ ಕರ್ನಾಟಕಕ್ಕೆ ಹೆಸರೂ ಇದೆ. ಡಾ. ಅರ್ಜುನ್ ಕಲ್ಯಾಣಪುರ್ ಅವರು ಬೆಂಗಳೂರಲ್ಲಿ 2002ರಲ್ಲಿ ಶುರು ಮಾಡಿದ ಸಂಸ್ಥೆ ಅಮೆರಿಕದ ಆಸ್ಪತ್ರೆಗಳ ರಾತ್ರಿ ಸ್ಕ್ಯಾನುಗಳನ್ನು ಇಲ್ಲಿಂದ ಓದಿತು. ಅವರಿಗೆ ರಾತ್ರಿ, ನಮಗೆ ಹಗಲು. ಸಾವಿರಾರು ಮೈಲಿ ದೂರದ ರಾತ್ರಿಯನ್ನು ಬೆಂಗಳೂರು ಕಾಯಬಹುದಾದರೆ, 260 ಕಿಲೋಮೀಟರ್ ದೂರದ ರಾತ್ರಿಯನ್ನು ಕಾಯಲು ತಾಂತ್ರಿಕ ಅಡ್ಡಿ ಏನೂ ಇಲ್ಲ. ಕೇಂದ್ರ ಸರ್ಕಾರದ ಉಚಿತ ಪರೀಕ್ಷಾ ಯೋಜನೆಯ ಮಾರ್ಗಸೂಚಿಯಲ್ಲೂ 2015ರಿಂದ ಟೆಲಿರೇಡಿಯಾಲಜಿ ಇದೆ. ರಾತ್ರಿ ಯಾರೂ ಓದದ ಜಾಗಕ್ಕೆ ಅದು ದೊಡ್ಡ ಉಪಕಾರ. ಆ ನರ್ಸಿಂಗ್ ಹೋಮ್‌ನಲ್ಲಿ ಅದಿದ್ದರೆ 10.30ಕ್ಕೇ ಬಿರುಕು ಗೊತ್ತಾಗುತ್ತಿತ್ತು.

ಆದರೆ ಹೊಟ್ಟೆ ಗೊತ್ತಾಗುತ್ತಿರಲಿಲ್ಲ. ದೂರ ಕೂತವರು ಕಳಿಸಿದ್ದನ್ನು ಓದುತ್ತಾರೆ. ತಲೆ ಕಳಿಸಿದರೆ ತಲೆ ಓದುತ್ತಾರೆ. ಪಕ್ಕೆಯ ತರಚು ಗಾಯ ನೋಡಿ ಹೊಟ್ಟೆಗೂ ಸ್ಕ್ಯಾನ್ ಮಾಡಿ ಅನ್ನಲು ರೋಗಿಯ ಹತ್ತಿರ ಇರಬೇಕು. ಕ್ಯಾನುಲಾ ಬದಲಿಸಿ, ಟೇಬಲ್ ಖಾಲಿ ಇಡಿ, ಇನ್ನೊಮ್ಮೆ ತನ್ನಿ ಅನ್ನಲು ಸರ್ಜನ್ ಜೊತೆ ನಿಂತಿರಬೇಕು. ನನ್ನ ಮಟ್ಟಿಗೆ ಈ ಸ್ಪೆಷಾಲಿಟಿ ಅಂದರೆ ಮುಖ್ಯವಾಗಿ ಈ ನಿಲ್ಲುವುದೇ. ಚಿತ್ರ ಓದುವುದು ಅದರ ಅರ್ಧ ಭಾಗ.

ನಮ್ಮಲ್ಲಿ ಆದದ್ದು, ಆಗದೆ ಉಳಿದದ್ದು

ಹೊಸ ಯಂತ್ರ ಯಾವುದೂ ಬರಲಿಲ್ಲ. ಸಿಟಿಯನ್ನು ಕ್ಯಾಶುಯಲ್ಟಿ ಪಕ್ಕಕ್ಕೆ ತರಬೇಕು ಅಂತ ಆಸೆ ಇತ್ತು. ಅದಕ್ಕೆ ಗೋಡೆಗಳಿಗೆ ವಿಕಿರಣ ತಡೆ ಬೇಕು, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯಿಂದ ಕೋಣೆಯ ನಕ್ಷೆಗೆ ಒಪ್ಪಿಗೆ ಬೇಕು, ದುಡ್ಡು ಬೇಕು. ಸದ್ಯಕ್ಕೆ ಆಗಲಿಲ್ಲ. ಬದಲಿಗೆ ಚಿತ್ರ ನೋಡುವ ಒಂದು ವರ್ಕ್‌ಸ್ಟೇಷನ್ ಅನ್ನು ಕ್ಯಾಶುಯಲ್ಟಿಯೊಳಗೆ ಇಟ್ಟೆವು. ರಾತ್ರಿ ರೆಸಿಡೆಂಟ್ ಅಲ್ಲೇ ಕೂರುತ್ತಾರೆ. ಸರ್ಜನ್ ಭುಜದ ಹಿಂದೆ ನಿಂತು ಕೇಳುತ್ತಾರೆ. ಇದರಿಂದ ಆದಷ್ಟು ಬದಲಾವಣೆ ಬೇರೆ ಯಾವುದರಿಂದಲೂ ಆಗಿಲ್ಲ.

ರಾತ್ರಿ ರಿಪೋರ್ಟ್ ಮೂರು ಸಾಲು, ಕೈಬರಹದಲ್ಲಿ, ಹೆಸರು ಮತ್ತು ಸಮಯ ಹಾಕಿ. ಬೆಳಿಗ್ಗೆ ಹಿರಿಯರು ಪೂರ್ತಿ ಓದುತ್ತಾರೆ. ವ್ಯತ್ಯಾಸ ಇದ್ದರೆ ವಾರ್ಡಿಗೆ ಫೋನ್ ಮಾಡಿ ಹೇಳಿ, ರಿಜಿಸ್ಟರಿನಲ್ಲಿ ಬರೆಯುತ್ತಾರೆ. ವಾರಕ್ಕೊಮ್ಮೆ ಆ ರಿಜಿಸ್ಟರ್ ತೆಗೆದು ಎಲ್ಲರೂ ಕೂತು ನೋಡುತ್ತೇವೆ. ಯಾರನ್ನೂ ಬಯ್ಯುವುದಿಲ್ಲ. ಬೈದರೆ ಮುಂದಿನ ವಾರ ರಿಜಿಸ್ಟರ್ ಖಾಲಿ ಇರುತ್ತದೆ. ಪಿಜಿಗಳು ಇಲ್ಲಿ ಕಲಿತಷ್ಟು ಯಾವ ಕ್ಲಾಸಿನಲ್ಲೂ ಕಲಿಯುವುದಿಲ್ಲ ಅಂತ ನಾನು ಗಟ್ಟಿಯಾಗಿ ಹೇಳಬಲ್ಲೆ. ಡಿ.ಎಂ. (ಎಂ.ಡಿ. ನಂತರದ ವಿಶೇಷ ಪದವಿ) ಸೀಟು ಬರಲಿ ಅಂತ ಕಾಯುತ್ತಾ ಕೂರಬೇಕಿಲ್ಲ. ಇಂಥ ರಿಜಿಸ್ಟರ್ ಇಟ್ಟ ವಿಭಾಗವೇ ಮುಂದೆ ಫೆಲೋಶಿಪ್ ನಡೆಸಲು ಅರ್ಹ ಆಗುತ್ತದೆ.

ರಾತ್ರಿ ಟೆಕ್ನಿಷಿಯನ್‌ಗಳ ಬಗ್ಗೆ ಯಾರೂ ಬರೆಯುವುದಿಲ್ಲ. ತಲೆ ಸ್ಕ್ಯಾನ್ ಮಾಡಿದರೆ ಎಲುಬಿನ ವಿಂಡೋ ಚಿತ್ರವನ್ನೂ ತಪ್ಪದೆ ಕಳಿಸಬೇಕು, ಕಾಂಟ್ರಾಸ್ಟ್ ಹಾಕಿದ ಮೇಲೆ ಸ್ವಲ್ಪ ತಡೆದು ತೆಗೆಯುವ ಎರಡನೇ ಹಂತದ ಚಿತ್ರ ಬಿಡಬಾರದು, ಕಣ್ಣಿಗೆ ಹೊಡೆಯುವಂಥದ್ದು ಕಂಡರೆ ರಿಪೋರ್ಟಿಗೆ ಕಾಯದೆ ಕೂಗಬೇಕು. ಇಷ್ಟು ಕಲಿಸಿದ್ದೇವೆ. ಅವರು ಕೂಗಿದ್ದು ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಇವರ ಸಂಬಳ ನೋಡಿದರೆ ಬೇಜಾರಾಗುತ್ತದೆ.

ದುಡ್ಡಿನ ಮಾತೂ ಇದೆ. ಮೊದಲು ಸಿಟಿಗೆ ಬಿಲ್ ಕಟ್ಟಿ ಬನ್ನಿ ಅನ್ನುವುದು ರೂಢಿಯಾಗಿತ್ತು. ಜೀವಕ್ಕೆ ಅಪಾಯ ಅಂತ ಕೆಂಪು ಟ್ಯಾಗ್ ಹಾಕಿದ ರೋಗಿಗೆ ಅದನ್ನು ನಿಲ್ಲಿಸಿದ್ದೇವೆ. ಆಡಳಿತದವರನ್ನು ಒಪ್ಪಿಸಲು ಸುಮಾರು ಓಡಾಡಬೇಕಾಯಿತು. 2025ರ ಮೇ ತಿಂಗಳಲ್ಲಿ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆ ಬಂದಿದೆ. ರಸ್ತೆ ಅಪಘಾತಕ್ಕೆ ಸಿಕ್ಕವರಿಗೆ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ. ಇದು ಗೊತ್ತಿಲ್ಲದೆ ಚಿನ್ನ ಅಡ ಇಟ್ಟು ಬರುವವರು ಇದ್ದಾರೆ. ದಯವಿಟ್ಟು ನಿಮ್ಮ ಊರಲ್ಲಿ ಹೇಳಿ.

ಆಗದೆ ಉಳಿದ ದೊಡ್ಡ ಕೆಲಸ ಗುಲ್ಮದ್ದೇ. ತೊಡೆಸಂದಿನ ರಕ್ತನಾಳದಿಂದ ತೆಳು ನಳಿಕೆ ಒಯ್ದು ಸೋರುವ ಜಾಗ ಮುಚ್ಚುವ ವಿಧಾನ ಇದೆ. ಎಂಬೊಲೈಸೇಷನ್ ಅನ್ನುತ್ತಾರೆ. ರಕ್ತದೊತ್ತಡ ನಿಂತ ರೋಗಿಗೆ ಎಷ್ಟೋ ಸಲ ಗುಲ್ಮ ಉಳಿಯುತ್ತದೆ. ಈ ರೋಗಿಯ ಒತ್ತಡ ಥಿಯೇಟರ್ ಬಾಗಿಲಲ್ಲಿ ಮತ್ತೆ ಇಳಿದಿತ್ತು, ಹಾಗಾಗಿ ಸರ್ಜನ್ ತೀರ್ಮಾನ ಸರಿ. ಆದರೆ ಒತ್ತಡ ನಿಂತಿದ್ದರೂ ನಮಗೆ ಆಯ್ಕೆ ಇರಲಿಲ್ಲ. ಅದನ್ನು ಮಾಡುವ ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್ ನಮ್ಮ ಆಸ್ಪತ್ರೆಯಲ್ಲಿ ರಾತ್ರಿ ಇಲ್ಲ. ಒಬ್ಬರನ್ನು ರಾತ್ರಿಗೆ ಇಟ್ಟರೆ ಸಾಲದು, ಸರದಿಗೆ ಮೂರ್ನಾಲ್ಕು ಜನ ಬೇಕು. ರಾತ್ರಿ ದುಡಿದವರಿಗೆ ಮರುದಿನ ರಜೆ ಬೇಕು, ಅದಕ್ಕೆ ತಕ್ಕ ಸಂಬಳ ಬೇಕು. ಒಂದೇ ಆಸ್ಪತ್ರೆಗೆ ಇದು ಭಾರ. ದಾವಣಗೆರೆ, ಚಿತ್ರದುರ್ಗದ ಆಸ್ಪತ್ರೆಗಳು ಸೇರಿ ಒಂದೇ ಸರದಿ ಪಟ್ಟಿ ಮಾಡಿಕೊಂಡರೆ ಸಾಧ್ಯ. ನಡುವೆ ಇರುವುದು ಅರವತ್ತು ಕಿಲೋಮೀಟರ್ ಹೆದ್ದಾರಿ. ಆ ಪಟ್ಟಿಯ ಕರಡು ಬರೆದು ಎರಡೂ ಕಡೆಯ ಸಹೋದ್ಯೋಗಿಗಳಿಗೆ ಕಳಿಸಿದ್ದೇನೆ. ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೂ ಸಿಸ್ಟರಿಗೂ ಒಂದು ಹಾಳೆ ಹೋಗಿದೆ. ಅಪಘಾತದ ರೋಗಿಯನ್ನು ಕಳಿಸುವಾಗ ಮೊಣಕೈ ಮಡಿಕೆಯಲ್ಲಿ ಹಸಿರು ಕ್ಯಾನುಲಾ ಹಾಕಿ, ಸ್ಕ್ಯಾನ್ ಆಗಿದ್ದರೆ ಫಿಲಂ ಬದಲು ಪೂರ್ತಿ ಚಿತ್ರ ಇರುವ ಸಿಡಿ ಕೊಡಿ, ಹೊರಡುವ ಮೊದಲು ಈ ನಂಬರಿಗೆ ಫೋನ್ ಮಾಡಿ. ಹಾಳೆಯಲ್ಲಿ ಇರುವುದು ಇಷ್ಟೇ. ಜಗಳೂರಿನಿಂದ ಈಗ ಫೋನ್ ಬರುತ್ತದೆ.